ಹಾಲು ಕರೆಯುವ ಯಂತ್ರದ ಪೈಪಿನೊಳಗಿನ ಲೋಳೆಗೆ ಚಿಪ್ಪು ಸುಣ್ಣದ ತಿಳಿನೀರು ಸಾಕೇ?

ಮಲೆನಾಡ ಹೈನುಗಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಈಗ ಕರೆಯುವ ಹಸುಗಳು 12 ಇವೆ. ಕೆಲಸದವರು ಸಿಗುವುದು ಕಷ್ಟವಾದ ಮೇಲೆ ಎರಡು ಕ್ಲಸ್ಟರುಗಳ (ಕೆಚ್ಚಲಿಗೆ ತೊಡಿಸುವ ಬಟ್ಟಲುಗಳ ಗೊಂಚಲು) ಹಾಲು ಕರೆಯುವ ಯಂತ್ರವನ್ನು ತಂದು, ಮೂರು ವರ್ಷಗಳಿಂದ ಅದರಲ್ಲೇ ಕರೆಯುತ್ತಿದ್ದೇವೆ. ಕಳೆದ ಮಳೆಗಾಲದಿಂದೀಚೆಗೆ ನಮ್ಮ ಹಾಲು ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ಮೊದಲಿಗಿಂತ ಬೇಗ ಬಣ್ಣ ಕಳೆದುಕೊಳ್ಳುತ್ತಿದೆ, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಹೆಚ್ಚಿವೆ ಎಂದು ಹಾಲಿನ ಸಂಘದಲ್ಲಿ ಎರಡು ಸಲ ತಿಳಿಸಿದರು. ಕೆಚ್ಚಲು ಬಾವಿರಬಹುದೆಂದು ಪಶುವೈದ್ಯರನ್ನು ಕರೆಸಿದೆ. ಅವರು ಎಲ್ಲ ಹಸುಗಳನ್ನೂ ನೋಡಿ, ತೊಂದರೆ ಹಸುವಿನಲ್ಲಿಲ್ಲ, ಪಾತ್ರೆಯಲ್ಲೋ ಯಂತ್ರದಲ್ಲೋ ಇರಬೇಕು ಎಂದರು. ಉದ್ದನೆಯ ಹಾಲಿನ ಪೈಪನ್ನು ಬಿಚ್ಚಿ ಒಳಗೆ ಬೆರಳಾಡಿಸಿದಾಗ ಅವರ ಮಾತು ನಿಜವೆಂದು ತಿಳಿಯಿತು. ಹೊರಗಿನಿಂದ ನೋಡಿದರೆ ಶುಭ್ರವಾಗಿ ಕಾಣುವ ಪೈಪಿನ ಒಳಮೈಯಲ್ಲಿ ತೆಳ್ಳನೆಯ, ಜಾರುವ ಲೋಳೆಯ ಪದರವೊಂದು ಅಂಟಿಕೊಂಡಿತ್ತು. ಕುಂಚ ಹಾಕಿ ತಿಕ್ಕಿ ತೊಳೆದೆ. ಮೂರನೆಯ ದಿನಕ್ಕೆ ಅದು ಮತ್ತೆ ಬಂದಿತ್ತು.

ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿ ಕ್ಷಾರದ ಪುಡಿ, ಆಮ್ಲದ ದ್ರಾವಣ, ಕ್ಲೋರಿನ್ ಇವುಗಳನ್ನು ಬಳಸಲು ಹೇಳಿದೆ. ನಾನು ಇದುವರೆಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಮತ್ತು ಬಿಸಿನೀರಿನಲ್ಲೇ ನಿಭಾಯಿಸಿಕೊಂಡು ಬಂದಿದ್ದೇನೆ. ಅದಕ್ಕೆ ಕಾರಣವಿದೆ. ಕೊಟ್ಟಿಗೆ ತೊಳೆದ ನೀರೆಲ್ಲ ನಮ್ಮ ಗೋಬರ್ ಗ್ಯಾಸ್ ಗುಂಡಿಗೆ ಹೋಗುತ್ತದೆ. ಅಲ್ಲಿಂದ ಹೊರಬರುವ ಬಗ್ಗಡ ಅಡಿಕೆ ತೋಟಕ್ಕೆ. ದಿನಕ್ಕೆರಡು ಸಲ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ಹರಿದರೆ ಗುಂಡಿ ಕೆಲಸ ನಿಲ್ಲಿಸೀತು, ಮಣ್ಣು ಕೆಟ್ಟೀತು ಎಂಬ ಭಯ ನನ್ನದು.

ಕುಮಟಾ ಕಡೆಯ ನಮ್ಮ ಭಾವನವರು, ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣದ ತಿಳಿನೀರನ್ನು ಪೈಪಿನಲ್ಲಿ ಓಡಿಸಿ ನೋಡಿ, ಸುಣ್ಣದಲ್ಲಿ ಯಾವ ಜೀವಾಣುವೂ ಬದುಕುವುದಿಲ್ಲ ಎಂದರು. ಜಪಾನಿನಲ್ಲಿ ಸ್ಕ್ಯಾಲಪ್ ಎಂಬ ಕಡಲ ಚಿಪ್ಪುಮೀನಿನ ಚಿಪ್ಪನ್ನು ಸುಟ್ಟ ಪುಡಿಯಿಂದ ತರಕಾರಿಗಳನ್ನೂ ಪಾತ್ರೆಗಳನ್ನೂ ಶುದ್ಧಿ ಮಾಡುತ್ತಾರೆ ಎಂದು ನಾನೂ ಓದಿದ್ದೇನೆ. ಬೋರ್ಡೋ ದ್ರಾವಣ ಮಾಡುವವರಿಗೆ ಸುಣ್ಣ ಹೊಸದಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಮೈಲುತುತ್ತದ ಜೊತೆ ಅದನ್ನು ಕಲಸಿ ಕೊಳೆರೋಗಕ್ಕೆ ಹೊಡೆಯುತ್ತಲೇ ಬಂದಿದ್ದೇವೆ. ಆದ್ದರಿಂದ ಕೇಳುತ್ತಿದ್ದೇನೆ: ಈ ಲೋಳೆಯ ಮೇಲೆ ಚಿಪ್ಪು ಸುಣ್ಣ ನಿಜವಾಗಿ ಕೆಲಸ ಮಾಡುತ್ತದೆಯೇ? ಮಾಡುವುದಾದರೆ ಎಷ್ಟು ಹಾಕಬೇಕು, ಎಷ್ಟು ಹೊತ್ತು ಬಿಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಸೂಕ್ಷ್ಮಜೀವಿ ಶಾಸ್ತ್ರದ ಅಧ್ಯಾಪಕಿ (ಉತ್ತರ):

ಹೈನುಗಾರರೇ, ನೀವು ಬೆರಳಿನಿಂದ ಮುಟ್ಟಿ ನೋಡಿದ್ದನ್ನೇ ನಾವು ಬಯೋಫಿಲ್ಮ್ ಎನ್ನುತ್ತೇವೆ. ಅದು ಕೇವಲ ಕೊಳೆಯಲ್ಲ. ಬ್ಯಾಕ್ಟೀರಿಯಾಗಳು ಒಂದು ಮೈಗೆ ಅಂಟಿಕೊಂಡು, ತಮ್ಮ ಸುತ್ತ ಸಕ್ಕರೆಯ ಸರಪಳಿ, ಪ್ರೋಟೀನು ಮತ್ತು ಡಿಎನ್ಎ ಸೇರಿದ ಅಂಟನ್ನು ಸುರಿಸಿ, ಅದರೊಳಗೆ ವಾಸ ಮಾಡುತ್ತವೆ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವಾಗ ಸಾಯುವ ಪ್ರಮಾಣಕ್ಕಿಂತ 10ರಿಂದ 1000 ಪಟ್ಟು ಹೆಚ್ಚಿನ ಪ್ರತಿಜೀವಕವನ್ನು ಅದೇ ಬ್ಯಾಕ್ಟೀರಿಯಾ ಈ ಅಂಟಿನೊಳಗಿದ್ದು ತಾಳಿಕೊಳ್ಳಬಲ್ಲದು. ಸೋಂಕುನಿವಾರಕಗಳ ಮಾತೂ ಬಹಳ ಬೇರೆಯಲ್ಲ. ಕ್ಲೋರಿನ್ ಒಳಕ್ಕಿಳಿಯುವ ಮೊದಲೇ ಮೇಲಿನ ಅಂಟಿನೊಡನೆ ವರ್ತಿಸಿ ಖರ್ಚಾಗಿ ಹೋಗುತ್ತದೆ.

ಇದನ್ನು ಮೊದಲು ಕಂಡವರು ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್. ಅವರು ತಮ್ಮ ಹಲ್ಲಿನ ಮೇಲಿನ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ವಿನೆಗರಿನಿಂದ ಬಾಯಿ ಮುಕ್ಕಳಿಸಿದ ಮೇಲೂ ಪಾಚಿಯ ಹೊರಪದರದ ಜೀವಿಗಳು ಮಾತ್ರ ಸತ್ತು ಒಳಗಿನವು ಬದುಕಿದ್ದುದನ್ನು ಗುರುತಿಸಿ, 1684ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದರು. ನಿಮ್ಮ ಪೈಪಿನ ಸಮಸ್ಯೆ ಅಂದೇ ಅವರ ಕಣ್ಣಿಗೆ ಬಿದ್ದಿತ್ತು ಎಂದು ನಾನು ತರಗತಿಯಲ್ಲಿ ಯಾವಾಗಲೂ ಹೇಳುತ್ತೇನೆ. ಹಾಗಿದ್ದರೂ ಅಂಟಿಕೊಂಡು ಬದುಕುವುದೇ ಬ್ಯಾಕ್ಟೀರಿಯಾಗಳ ಸಹಜ ರೀತಿ ಎಂಬುದು ವಿಜ್ಞಾನದ ಮುಖ್ಯ ಚರ್ಚೆಗೆ ಬಂದದ್ದು 1978ರ ಸುಮಾರಿಗೆ, ವಿಲಿಯಂ ಕಾಸ್ಟರ್ಟನ್ ಮತ್ತು ಅವರ ಸಂಗಡಿಗರ ಬರಹಗಳಿಂದ.

ಈಗ ಸುಣ್ಣಕ್ಕೆ ಬರುತ್ತೇನೆ. ನೀವು ಓದಿದ ಜಪಾನಿನ ವಿಷಯ ನಿಜ. ಹೊಕ್ಕೈಡೊ ಮತ್ತು ಅವೊಮೊರಿ ಕಡೆ ಸ್ಕ್ಯಾಲಪ್ ಕೃಷಿಯಿಂದ ಚಿಪ್ಪುಗಳ ರಾಶಿಯೇ ಉಳಿಯುತ್ತದೆ. ಕನಗಾವಾ ತಾಂತ್ರಿಕ ಸಂಸ್ಥೆಯ ಜುನ್ ಸವಾಯ್ ಮತ್ತು ಸಂಗಡಿಗರು ಆ ಚಿಪ್ಪನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಪುಡಿ ಮಾಡಿ, ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ, ಈ. ಕೋಲೈ ಮತ್ತು ಲಿಸ್ಟೀರಿಯಾ ಬ್ಯಾಕ್ಟೀರಿಯಾಗಳ ಬಯೋಫಿಲ್ಮಿನ ಮೇಲೂ ಅದು ಪರಿಣಾಮ ಬೀರಿತೆಂದು ವರದಿ ಮಾಡಿದ್ದಾರೆ. ಸುಟ್ಟ ಚಿಪ್ಪಿನ ಕ್ಯಾಲ್ಸಿಯಂ ಅಲ್ಲಿ ಆಹಾರಕ್ಕೆ ಸೇರಿಸಬಹುದಾದ ವಸ್ತುಗಳ ಪಟ್ಟಿಯಲ್ಲೂ ಇದೆ. ಇದರಲ್ಲಿ ಗುಟ್ಟೇನೂ ಇಲ್ಲ. ಚಿಪ್ಪೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗಿ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಚಿಪ್ಪಿನ ಬದಲು ಸುಣ್ಣಕಲ್ಲನ್ನು ಸುಟ್ಟರೂ ಸಿಗುವುದು ಅದೇ. ಕೊಲ್ಲುವ ಕೆಲಸ ಬಹುಮಟ್ಟಿಗೆ ಅದರ ಕ್ಷಾರದ್ದು. ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ಎಂದರೆ ಎರಡೂ ಅಲ್ಲದ ನಡುಮಟ್ಟ) 12ನ್ನು ದಾಟಿದಾಗ ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬು ಒಡೆಯುತ್ತದೆ, ಪ್ರೋಟೀನುಗಳು ರೂಪ ಕೆಡುತ್ತವೆ, ಅಂಟೂ ಸ್ವಲ್ಪಮಟ್ಟಿಗೆ ಸಡಿಲವಾಗುತ್ತದೆ. ಅದೇ ಪಿಎಚ್‌ನ ಕಾಸ್ಟಿಕ್ ದ್ರಾವಣಕ್ಕಿಂತ ಚಿಪ್ಪಿನ ಪುಡಿ ಹೆಚ್ಚು ಕೊಂದಿತೆಂದೂ ಆ ಸಂಶೋಧಕರು ಬರೆದಿದ್ದಾರೆ. ಪುಡಿಯ ಕಣದ ಮೈಗೆ ತಾಗಿದ ನೀರಿನಲ್ಲಿ ಕ್ಷಾರ ಇನ್ನೂ ಹೆಚ್ಚಿರಬಹುದು ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು.

ಇಷ್ಟು ಹೇಳಿದ ಮೇಲೆ ನಿಮ್ಮನ್ನು ತಡೆದು ನಿಲ್ಲಿಸುವ ಎರಡು ಮಾತುಗಳನ್ನೂ ಹೇಳಬೇಕು.

ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 1.7 ಗ್ರಾಂ, ಅಷ್ಟೇ. ಅಷ್ಟು ಕರಗಿದ ತಿಳಿನೀರಿನ ಪಿಎಚ್ ಸುಮಾರು 12.4 ಇರುತ್ತದೆ, ಹತ್ತು ಪಟ್ಟು ಸುಣ್ಣ ಹಾಕಿದರೂ ಅದು ಏರುವುದಿಲ್ಲ, ಹೆಚ್ಚಿನದೆಲ್ಲ ತಳದಲ್ಲಿ ಕೂರುತ್ತದೆ. ಹೀಗೆ ಕರಗಿದ ಅಲ್ಪ ಕ್ಷಾರವನ್ನು ಹಾಲಿನ ಉಳಿಕೆ ಮತ್ತು ಲೋಳೆ ಬೇಗನೆ ತಿಂದುಹಾಕುತ್ತವೆ. ಜೊತೆಗೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕೂಡ ಅದನ್ನು ಹೀರುತ್ತದೆ. ಬಾಯಿ ತೆರೆದಿಟ್ಟ ಸುಣ್ಣದ ತಿಳಿಯ ಮೇಲೆ ಕಟ್ಟುವ ಬಿಳಿ ಕೆನೆಯನ್ನು ನೀವು ನೋಡಿಯೇ ಇರುತ್ತೀರಿ. ಅದು ಸುಣ್ಣ ಮತ್ತೆ ಚಿಪ್ಪಾಗಿ ಹೋದದ್ದರ ಗುರುತು. ಆ ಕೆನೆಗೆ ಕೊಲ್ಲುವ ಶಕ್ತಿಯಿಲ್ಲ. ನೀರಿಗೆ ಅರಿಶಿನ ಹಾಕಿ ಓಕುಳಿಯಂತೆ ಕೆಂಪಾಯಿತಲ್ಲ, ಸುಣ್ಣ ಚೆನ್ನಾಗಿದೆ ಎಂದು ಹೇಳುವವರಿದ್ದಾರೆ. ಅರಿಶಿನ ಪಿಎಚ್ ಎಂಟೂವರೆಯ ಆಸುಪಾಸಿನಲ್ಲೇ ಕೆಂಪಾಗುತ್ತದೆ, ಆದ್ದರಿಂದ ಅದು 12ಕ್ಕೆ ಸಾಕ್ಷಿಯಲ್ಲ. 14ರವರೆಗೆ ತೋರಿಸುವ ಪಿಎಚ್ ಕಾಗದವನ್ನು ಕೊಳ್ಳಿ, ದುಬಾರಿಯಲ್ಲ.

ಎರಡನೆಯ ಮಾತು ಕ್ಯಾಲ್ಸಿಯಂನದು. ಹಾಲಿನ ಪೈಪುಗಳಲ್ಲಿ ಹೆಚ್ಚಾಗಿ ಸಿಗುವ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಸುರಿಸುವ ಅಂಟಿನ ಸರಪಳಿಗಳನ್ನು ಕ್ಯಾಲ್ಸಿಯಂ ಅಯಾನುಗಳು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತವೆ. ಪಿಎಚ್ 12ರಲ್ಲಿರುವವರೆಗೆ ಸುಣ್ಣ ನಿಮ್ಮ ಪಕ್ಷದಲ್ಲಿರುತ್ತದೆ. ಕ್ಷಾರ ಇಳಿದು ಕ್ಯಾಲ್ಸಿಯಂ ಮಾತ್ರ ಉಳಿದ ಗಳಿಗೆಯಿಂದ ಅದು ಲೋಳೆಗೇ ಆಸರೆಯಾಗಬಹುದು. ಸುಣ್ಣವನ್ನು ಹೊಗಳುವ ಲೇಖನಗಳಲ್ಲಿ ಈ ಅಂಶ ಬಿಟ್ಟುಹೋಗುವುದರಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ಪೈಪಿನಲ್ಲಿರುವ ಸ್ಯೂಡೊಮೊನಾಸ್ ಹಾಲು ಕಾಯಿಸಿದಾಗ ಸಾಯುತ್ತದೆ. ಆದರೆ ಅದು ಹಾಲಿಗೆ ಬಿಟ್ಟ, ಪ್ರೋಟೀನನ್ನೂ ಕೊಬ್ಬನ್ನೂ ಒಡೆಯುವ ಕಿಣ್ವಗಳು ಪಾಶ್ಚರೀಕರಣವನ್ನು ದಾಟಿ ಉಳಿಯುತ್ತವೆ. ಹಾಲು ಕಹಿಯಾಗುವುದು, ಪ್ಯಾಕೆಟ್ಟಿನಲ್ಲೇ ಕೆಡುವುದು ಎಷ್ಟೋ ಸಲ ಇವುಗಳಿಂದ. ಆದ್ದರಿಂದ ಸಂಘದವರ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಒಳ್ಳೆಯದಾಯಿತು.

ಕಡಲಂಚಿನವನು (ಉತ್ತರ):

ನಮ್ಮ ಅಜ್ಜನ ಕಾಲದಲ್ಲಿ ಮನೆಯವರು ಚಿಪ್ಪು ಸುಡುತ್ತಿದ್ದರು. ಆ ಅನುಭವದ ಬಲದಿಂದ ಒಂದೆರಡು ಮಾತು. ಚಿಪ್ಪನ್ನೂ ಇದ್ದಿಲನ್ನೂ ಒಂದರ ಮೇಲೊಂದು ಹರಡಿ ಗಾಳಿ ಊದಿ ಸುಡುವ ಗೂಡಿನಲ್ಲಿ ಎಲ್ಲ ಚಿಪ್ಪೂ ಒಂದೇ ಹದಕ್ಕೆ ಬೇಯುವುದಿಲ್ಲ. ಚೆನ್ನಾಗಿ ಬೆಂದದ್ದು ಹಗುರವಾಗಿರುತ್ತದೆ, ನೀರು ಚಿಮುಕಿಸಿದರೆ ಸದ್ದು ಮಾಡಿ ಬಿಸಿಯಾಗಿ ಹೂವಿನಂತೆ ಅರಳುತ್ತದೆ. ಬೇಯದ ಚಿಪ್ಪು ಕಲ್ಲಿನಂತೆ ಹಾಗೆಯೇ ಕೂತಿರುತ್ತದೆ; ಅದನ್ನು ಜರಡಿಯಲ್ಲಿ ಬೇರೆ ಮಾಡಬೇಕು. ಅಂಗಡಿಯಲ್ಲಿ ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಇದ್ದ ಸುಣ್ಣದಲ್ಲಿ ಅರ್ಧಕ್ಕರ್ಧ ಸತ್ತ ಸುಣ್ಣವೇ ಇರಬಹುದು. ಹೈನುಗಾರರು ಬೋರ್ಡೋ ಮಾಡುವಾಗ ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಇನ್ನಷ್ಟು ಹಾಕುವವರೇ ತಾನೆ? ಅದೇ ತೂಕದ ಹಳೆಯ ಸುಣ್ಣಕ್ಕೆ ಕೆಂಪು ಹತ್ತುವುದೂ ಹೊಸ ಸುಣ್ಣಕ್ಕೆ ಹತ್ತದಿರುವುದೂ ಇದೇ ಕಾರಣಕ್ಕೆ. ಹೊಸದಾಗಿ ಅರಳಿಸಿದ ಸುಣ್ಣವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಯಾವಾಗಲೂ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ. ಕಣ್ಣಿಗೆ ಸುಣ್ಣ ಸಿಡಿದರೆ ಉಜ್ಜದೆ, ರೆಪ್ಪೆಯ ಒಳಗೆ ಸಿಕ್ಕಿದ ಕಣಗಳೂ ಹೋಗುವಂತೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು, ತಕ್ಷಣ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಈ ವಿಷಯದಲ್ಲಿ ಮನೆಮದ್ದು ಬೇಡವೇ ಬೇಡ.

ಇನ್ನು ಇದು ಪರಿಸರಸ್ನೇಹಿ ಎಂಬ ಮಾತು. ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. 100 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಇದ್ದಿಲಿನ ಹೊಗೆ ಬೇರೆ. ಗೋಡೆಗೆ ಬಳಿದ ಸುಣ್ಣ ಒಣಗುವಾಗ ಒಂದಿಷ್ಟನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ, ಇದ್ದಿಲಿನದನ್ನಲ್ಲ. ಚಿಪ್ಪು ಎಲ್ಲಿಯದು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ನೀರಿಳಿದಾಗ ಕೆಸರಿಗಿಳಿದು ಚಿಪ್ಪುಮೀನು ಹೆಕ್ಕಿ ಮಾರಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ತಿಂದು ಬಿಟ್ಟ ಚಿಪ್ಪನ್ನು ಸುಡುವುದಕ್ಕೂ ಅಳಿವೆಯ ತಳವನ್ನೇ ಅಗೆದು ಚಿಪ್ಪು ತೆಗೆಯುವುದಕ್ಕೂ ಭೂಮಿ ಆಕಾಶದಷ್ಟು ವ್ಯತ್ಯಾಸವಿದೆ. ಹಳೆಯ ಚಿಪ್ಪಿನ ಹಾಸಿನ ಮೇಲೆಯೇ ಸಿಂಪಿಯಂಥ ಎಷ್ಟೋ ಜೀವಿಗಳ ಮರಿಗಳು ಬಂದು ಅಂಟಿಕೊಂಡು ಬೆಳೆಯುವುದು. ಊಟದ ಮನೆಗಳಲ್ಲಿ ಉಳಿದ ಚಿಪ್ಪಿನದೆಂದು ಖಚಿತವಾದರೆ ಮಾತ್ರ ಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಕೋಳಿಮೊಟ್ಟೆಯ ಓಡು ಸುಟ್ಟರೂ ಇದೇ ಸುಣ್ಣ ಸಿಗುತ್ತದೆ.

ದಂತವೈದ್ಯೆ (ಉತ್ತರ):

ಹಾಲಿನ ಯಂತ್ರದ ಬಗ್ಗೆ ನನಗೆ ತಿಳಿದಿಲ್ಲ, ಆದರೆ ಇದೇ ಸುಣ್ಣವನ್ನು ಇದೇ ಉದ್ದೇಶಕ್ಕೆ ನಾವು ಬಹುಕಾಲದಿಂದ ಬಳಸುತ್ತಿದ್ದೇವೆ. ಹಲ್ಲಿನ ಬೇರಿನ ನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಮುದ್ದೆಯನ್ನು ತುಂಬುವ ಪದ್ಧತಿ 1920ರಲ್ಲಿ ಜರ್ಮನಿಯ ಹರ್ಮನ್ ಅವರಿಂದ ಬಂತು. ನಮ್ಮ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಮೊದಲು ನಾಳವನ್ನು ಉಪಕರಣದಿಂದ ಕೆರೆದು, ದ್ರಾವಣದಿಂದ ತೊಳೆದು ಲೋಳೆಯನ್ನು ತೆಗೆದ ಮೇಲೆಯೇ ನಾವು ಸುಣ್ಣದ ಮುದ್ದೆಯನ್ನು ಇಡುತ್ತೇವೆ. ಇಟ್ಟರೆ ನಿಮಿಷಗಳ ಲೆಕ್ಕವಲ್ಲ, ಒಂದೆರಡು ವಾರ ಅಲ್ಲೇ ಬಿಡುತ್ತೇವೆ. ಅಷ್ಟಾದರೂ ಎಂಟರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ಕೆಲವೊಮ್ಮೆ ಬದುಕಿ ಉಳಿಯುತ್ತದೆ. ಅದು ಹೊರಗಿನ ಪಿಎಚ್ ಸುಮಾರು 11 ಆಗುವವರೆಗೂ ಪ್ರೋಟಾನುಗಳನ್ನು ಒಳಕ್ಕೆಳೆದುಕೊಂಡು ತನ್ನ ಒಳಗನ್ನು ಕಾಪಾಡಿಕೊಳ್ಳಬಲ್ಲದು. ಹಲ್ಲಿನ ದಂತದ್ರವ್ಯವೋ ಸುಣ್ಣದ ಕ್ಷಾರವನ್ನು ತಾನೇ ಹೀರಿ, ಆಳದ ಸಣ್ಣ ಕೊಳವೆಗಳಲ್ಲಿ ಪಿಎಚ್ 12ನ್ನು ಮುಟ್ಟಲು ಬಿಡುವುದಿಲ್ಲ. ಪಾತ್ರೆಯಲ್ಲಿ 12.4 ಇದ್ದ ಮಾತ್ರಕ್ಕೆ ಲೋಳೆಯ ತಳದಲ್ಲಿಯೂ 12.4 ಇರುತ್ತದೆಂದು ತಿಳಿಯಬೇಡಿ. ಅಧ್ಯಾಪಕಿಯವರು ಹೇಳಿದ್ದನ್ನು ನಾನು ದಿನವೂ ಕೈಯಾರೆ ನೋಡುತ್ತಿದ್ದೇನೆ.

ನಿವೃತ್ತ ಡೇರಿ ತಂತ್ರಜ್ಞ (ಉತ್ತರ):

ಹೈನುಗಾರರೇ, ಯಂತ್ರದ ಒಳಗೆ ಸುಣ್ಣ ಬೇಡ. ಸುಣ್ಣವನ್ನು ಎಲ್ಲಿ ಬಳಸಬಹುದೆಂದು ಕೊನೆಗೆ ಹೇಳುತ್ತೇನೆ, ಮೊದಲು ಬೇಡವೆನ್ನುವುದಕ್ಕೆ ಕಾರಣ.

ಹಾಲಿನಲ್ಲಿ ಕೊಬ್ಬಿದೆ. ಕೊಬ್ಬಿಗೆ ಕ್ಷಾರ ತಾಗಿದರೆ ಸಾಬೂನಾಗುತ್ತದೆ. ಕಾಸ್ಟಿಕ್ ಸೋಡಾದಿಂದ ಆಗುವ ಸೋಡಿಯಂ ಸಾಬೂನು ನೀರಿನಲ್ಲಿ ಕರಗಿ ಹೋಗುತ್ತದೆ. ಸುಣ್ಣದಿಂದ ಆಗುವ ಕ್ಯಾಲ್ಸಿಯಂ ಸಾಬೂನು ಕರಗುವುದಿಲ್ಲ. ಗಡಸು ನೀರಿನಲ್ಲಿ ಬಟ್ಟೆ ಒಗೆದಾಗ ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಬಣ್ಣದ ಜಿಡ್ಡು ಅದೇ. ಅದರ ಮೇಲೆ ಹಾಲಿನದೇ ಕ್ಯಾಲ್ಸಿಯಂ ಫಾಸ್ಫೇಟ್, ಪ್ರೋಟೀನು ಮತ್ತು ಸುಣ್ಣದ ಕಾರ್ಬೊನೇಟ್ ಸೇರಿದರೆ ನಾವು ಹಾಲುಗಲ್ಲು ಎನ್ನುವ ಒರಟು ಪದರ ಕಟ್ಟುತ್ತದೆ. ನುಣುಪಾದ ಮೈಗಿಂತ ಆ ಒರಟು ಮೈಯಲ್ಲಿ ಬ್ಯಾಕ್ಟೀರಿಯಾಗಳಿಗೆ ನೆಲೆ ಹೆಚ್ಚು. ಬಿಸಿ ಮಾಡಿದರೆ ಸರಿಹೋದೀತೇ ಎಂದರೆ, ಅದೂ ತಿರುಗುಮುರುಗು: ಕಾಸ್ಟಿಕ್ ಬಿಸಿಯಾದಷ್ಟೂ ಚೆನ್ನಾಗಿ ತೊಳೆಯುತ್ತದೆ, ಸುಣ್ಣವಾದರೋ ನೀರು ಬಿಸಿಯಾದಷ್ಟೂ ಕಡಿಮೆ ಕರಗಿ ಪೈಪಿನ ಮೈಗೇ ಕೂರುತ್ತದೆ. ನಿಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಕ್ಯಾನು ಇದ್ದರೆ ಅದಕ್ಕಂತೂ ಸುಣ್ಣವನ್ನಾಗಲಿ ಕಾಸ್ಟಿಕ್ಕನ್ನಾಗಲಿ ಮುಟ್ಟಿಸಲೇಬೇಡಿ. ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಆ ಭಯವಿಲ್ಲ.

ನಿಮ್ಮ ಲೋಳೆಗೆ ಮೂಲ ಕಾರಣ ಸೋಂಕುನಿವಾರಕದ ಕೊರತೆಯಲ್ಲ, ತೊಳೆಯುವ ಕ್ರಮದ ಕೊರತೆ ಎಂದು ನನ್ನ ಅಭಿಪ್ರಾಯ. ಕರೆದು ಮುಗಿದ ಕೂಡಲೇ, ಹಾಲು ಒಣಗುವ ಮೊದಲು, 35ರಿಂದ 40 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ತಿಳಿಯಾಗಿ ಬರುವವರೆಗೆ ಓಡಿಸಬೇಕು. ತಣ್ಣೀರಾದರೆ ಕೊಬ್ಬು ಹೆಪ್ಪುಗಟ್ಟುತ್ತದೆ, ಕುದಿನೀರಾದರೆ ಪ್ರೋಟೀನು ಬೆಂದು ಅಂಟುತ್ತದೆ. ನೀವು ನೇರವಾಗಿ ಬಿಸಿನೀರು ಹಾಕುತ್ತಿದ್ದರೆ ತಪ್ಪಿದ್ದು ಅಲ್ಲೇ. ಆಮೇಲೆ ಸುಮಾರು 70 ಡಿಗ್ರಿಯಲ್ಲಿ ಆರಂಭಿಸಿ ಕ್ಷಾರದ ದ್ರಾವಣವನ್ನು ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲಿ ಹತ್ತು ನಿಮಿಷ ಸುತ್ತಿಸಿ, ಅದು 40 ಡಿಗ್ರಿಗೆ ಇಳಿಯುವ ಮೊದಲೇ ಹೊರಗೆ ಬಿಡಿ. ತಣ್ಣಗಾದರೆ ಬಿಟ್ಟ ಕೊಳೆ ಮತ್ತೆ ಕೂರುತ್ತದೆ. ಪಾತ್ರೆ ಸಾಬೂನಿನ ನೊರೆ ಯಂತ್ರದಲ್ಲಿ ದ್ರಾವಣದ ರಭಸವನ್ನೇ ಕೊಲ್ಲುತ್ತದೆ, ಅದನ್ನು ನಿಲ್ಲಿಸಿ. ವಾರಕ್ಕೆರಡು ಸಲ, ಬಾವಿಯ ನೀರು ಗಡಸಾಗಿದ್ದರೆ ಇನ್ನೂ ಹೆಚ್ಚು ಸಲ, ಆಮ್ಲದ ತೊಳೆತ ಬೇಕು. ಹಾಲುಗಲ್ಲು ಕರಗುವುದು ಆಮ್ಲಕ್ಕೆ ಮಾತ್ರ. ಹುಣಸೆಹುಳಿಯಿಂದ ಹಿತ್ತಾಳೆ ಪಾತ್ರೆ ಬೆಳಗುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಕರೆಯುವಿಕೆಗೆ ಮುಂಚೆ ಲೀಟರಿಗೆ 100ರಿಂದ 200 ಮಿಲಿಗ್ರಾಂ ಕ್ಲೋರಿನ್ ಇರುವ ನೀರನ್ನು ಒಮ್ಮೆ ಓಡಿಸಿ, ಪೂರ್ತಿ ಬಸಿಯಲು ಬಿಡಿ. ಅದು ಕೆಲಸ ಮಾಡುವುದು ಶುಭ್ರವಾದ ಮೈಯ ಮೇಲೆ ಮಾತ್ರ.

ಗೋಬರ್ ಗ್ಯಾಸಿನ ಚಿಂತೆ ಸರಿಯಾದದ್ದೇ. ಮೀಥೇನ್ ಮಾಡುವ ಜೀವಾಣುಗಳಿಗೆ ಪಿಎಚ್ 7ರ ಆಸುಪಾಸು ಬೇಕು. ಸುಣ್ಣದ ತಿಳಿಯನ್ನು ಬಕೆಟ್ಟುಗಟ್ಟಲೆ ಸುರಿದರೂ ಅವು ಕಾಸ್ಟಿಕ್ಕಿನಿಂದ ಸಾಯುವಂತೆಯೇ ಸಾಯುತ್ತವೆ, ಸಹಜ ವಸ್ತುವೆಂದು ಬಿಟ್ಟುಬಿಡುವುದಿಲ್ಲ. ದಾರಿ ಹೀಗಿದೆ: ತೊಳೆದ ನೀರಿಗೆಂದು ಒಂದು ಪ್ಲಾಸ್ಟಿಕ್ ಡ್ರಮ್ ಇಡಿ. ಕ್ಷಾರದ ತೊಳೆನೀರು, ಆಮ್ಲದ ತೊಳೆನೀರು ಎರಡೂ ಅದಕ್ಕೇ ಹೋಗಲಿ. ಅವು ಒಂದನ್ನೊಂದು ತಣಿಸುತ್ತವೆ. ಪಿಎಚ್ ಕಾಗದದಲ್ಲಿ 6.5ರಿಂದ 8ರ ನಡುವೆ ಬಂದ ಮೇಲೆ ತೋಟದ ಕಾಲುವೆಗೆ ಬಿಡಿ. ಆದರೆ ಕ್ಲೋರಿನ್ ಇರುವ ನೀರನ್ನು ಆ ಡ್ರಮ್ಮಿಗೆ ಎಂದೂ ಹಾಕಬಾರದು. ಆಮ್ಲ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಸೋಡಿಯಂ ಮಣ್ಣಿಗೆ ಸೇರುವುದು ಬೇಡವೆಂದಾದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಫಾಸ್ಫಾರಿಕ್ ಆಮ್ಲ ಇರುವ ತೊಳೆಪುಡಿ, ದ್ರಾವಣಗಳನ್ನು ಕೇಳಿ. ಉಳಿಯುವ ಪೊಟ್ಯಾಷ್ ಮತ್ತು ರಂಜಕ ಅಡಿಕೆಗೆ ಬೇಕಾದವೇ.

ಇನ್ನು ಸುಣ್ಣದ ಜಾಗ. ಕೊಟ್ಟಿಗೆಯ ಗೋಡೆ, ಗಂಜಲದ ಕಾಲುವೆ, ಕರುಗಳನ್ನು ಕಟ್ಟುವ ನೆಲ ಇವೆಲ್ಲ ಸುಣ್ಣಕ್ಕೆ ಹೇಳಿಮಾಡಿಸಿದ ಜಾಗಗಳು. ತಿಕ್ಕಿ ತೊಳೆದು, ನೀರು ಬಸಿದ ಮೇಲೆ, ಹೊಸ ಸುಣ್ಣವನ್ನು ತಿಳಿಯಾಗಿಯಲ್ಲ, ಗಂಜಿಯಂತೆ ಗಟ್ಟಿಯಾಗಿ ಕಲಸಿ ಬಳಿಯಿರಿ. ಹೀಗೆ ಬಳಿದಾಗ ಕರಗದ ಸುಣ್ಣ ಪದರದಲ್ಲಿ ಉಳಿದುಕೊಂಡು, ಕ್ಷಾರ ಖರ್ಚಾದಂತೆಲ್ಲ ಮತ್ತೆ ಕರಗಿ ಪೂರೈಸುತ್ತದೆ; ತಿಳಿನೀರಿಗಿಲ್ಲದ ಬಲ ಅದಕ್ಕಿರುವುದು ಇದರಿಂದ. ಒಣಗುವವರೆಗೆ ಹಸುಗಳನ್ನು ಹೊರಗೆ ಕಟ್ಟಿ, ಕೆಚ್ಚಲ ಚರ್ಮ ಸುಟ್ಟೀತು. ಸಾಮಾನ್ಯ ಉಷ್ಣತೆಯಲ್ಲಿ ಬೀಜಾಣುಗಳ ರೂಪದಲ್ಲಿರುವ ಬ್ಯಾಸಿಲಸ್ ಜಾತಿಯವು ಸುಣ್ಣಕ್ಕೆ ಸುಲಭವಾಗಿ ಸಾಯುವುದಿಲ್ಲ ಎಂಬುದೂ ಗೊತ್ತಿರಲಿ.

ರಬ್ಬರ್ ಲೈನರುಗಳನ್ನು (ಮೊಲೆಗೆ ತೊಡಿಸುವ ಬಟ್ಟಲಿನ ಒಳಪದರ) ಎಂದಾದರೂ ಬದಲಿಸಿದ್ದೀರಾ? ಅವಕ್ಕೆ ಸುಮಾರು 2500 ಹಸುಗಳನ್ನು ಕರೆಯುವಷ್ಟು ಆಯುಷ್ಯ. ನಿಮ್ಮಲ್ಲಿ ಒಂದು ಕ್ಲಸ್ಟರಿಗೆ ದಿನಕ್ಕೆ 12 ಕರೆಯುವಿಕೆಗಳಾದರೆ, ಅದು ಏಳು ತಿಂಗಳಿಗೆ ಮುಗಿಯುತ್ತದೆ.

ವಿದ್ಯಾರ್ಥಿನಿ (ಉಪಪ್ರಶ್ನೆ):

ಚರ್ಚೆಯ ನಡುವೆ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಬಯೋಫಿಲ್ಮಿನ ಮೇಲೆ ಜೇಡಿಮಣ್ಣು ಕೆಲಸ ಮಾಡುತ್ತದೆಂದು ಓದಿದ್ದೆ. ತಾಮ್ರದ ಬಿಂದಿಗೆಯ ನೀರಿನ ಬಗ್ಗೆ ಬೆಂಗಳೂರಿನಲ್ಲೇ ಸಂಶೋಧನೆಯಾಗಿದೆಯಂತೆ. ಸುಣ್ಣಕ್ಕಿಂತ ಇವು ಮೇಲಲ್ಲವೇ?

ಸೂಕ್ಷ್ಮಜೀವಿ ಶಾಸ್ತ್ರದ ಅಧ್ಯಾಪಕಿ (ಉತ್ತರ):

ಎರಡೂ ನಿಜ, ಎರಡೂ ಹಾಲಿನ ಪೈಪಿಗೆ ಹೊಂದುವುದಿಲ್ಲ. ಅಮೆರಿಕದ ಓರೆಗಾನ್ ಪ್ರಾಂತದ ನೀಲಿ ಜೇಡಿಮಣ್ಣನ್ನು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೇಯೊ ಕ್ಲಿನಿಕ್‌ನ ಸಂಶೋಧಕರು ಪರೀಕ್ಷಿಸಿ, ಅದರ ದ್ರಾವಣ ಈ. ಕೋಲೈ ಮತ್ತು ಸ್ಟ್ಯಾಫಿಲೊಕಾಕಸ್‌ಗಳನ್ನು ತೇಲುವಾಗಲೂ ಲೋಳೆಯಲ್ಲಿದ್ದಾಗಲೂ ಕೊಂದಿತೆಂದು 2018ರಲ್ಲಿ ಪ್ರಕಟಿಸಿದರು. ಕೆಲಸ ಮಾಡುವುದು ಮಣ್ಣಿನಿಂದ ನೀರಿಗಿಳಿಯುವ ಅಪಕರ್ಷಿತ ಕಬ್ಬಿಣ ಮತ್ತು ಅಲ್ಯೂಮಿನಿಯಂ: ಅಲ್ಯೂಮಿನಿಯಂ ಪೊರೆಯನ್ನು ಕೆಡಿಸುತ್ತದೆ, ಕಬ್ಬಿಣ ಒಳಹೊಕ್ಕು ಆಮ್ಲಜನಕದೊಡನೆ ಸೇರಿ ಸುಡುವ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಆ ಗುಣವಿರುವುದು ಅಂಥ ಕೆಲವೇ ಮಣ್ಣುಗಳಿಗೆ, ಎಲ್ಲ ಜೇಡಿಗೂ ಅಲ್ಲ. ನಮ್ಮ ಹೊಲದ ಮಣ್ಣನ್ನೋ ಹುತ್ತದ ಮಣ್ಣನ್ನೋ ಗಾಯಕ್ಕೆ ಹಚ್ಚಿದರೆ ಧನುರ್ವಾಯುವಿನ ಬೀಜಾಣುವನ್ನು ಕರೆದಂತಾದೀತು, ಆದ್ದರಿಂದ ಈ ಸುದ್ದಿಯನ್ನು ಮನೆಯಲ್ಲಿ ಹೇಳುವಾಗ ಎಚ್ಚರವಿರಲಿ.

ಬೆಂಗಳೂರಿನ ಅಧ್ಯಯನ ಪ್ರಕಟವಾದದ್ದು 2012ರಲ್ಲಿ. ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಉಳಿಯಲಿಲ್ಲ. ನೀರಿಗಿಳಿದ ತಾಮ್ರವೂ ಕುಡಿಯಲು ಒಪ್ಪುವ ಮಿತಿಯೊಳಗೇ ಇತ್ತು. ಕುಡಿಯುವ ನೀರಿಗೆ ಸಂಬಂಧಿಸಿದ ಒಳ್ಳೆಯ ಕೆಲಸ ಅದು. ಅಲ್ಲಿದ್ದದ್ದು ತೇಲುವ ಬ್ಯಾಕ್ಟೀರಿಯಾ, ಸಮಯ 16 ಗಂಟೆ. ಹಾಲಿನಲ್ಲಿ ತಾಮ್ರದ ಅಂಶ ಸೇರಿದರೆ ಕೊಬ್ಬು ಬೇಗ ಕಮಟು ಹಿಡಿಯುತ್ತದೆ, ಅದಕ್ಕಾಗಿಯೇ ಡೇರಿಗಳು ತಾಮ್ರವನ್ನು ದೂರವಿಡುತ್ತವೆ.

ಮಲೆನಾಡ ಹೈನುಗಾರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಪ್ರಶ್ನೆ ಹಾಕಿ ಐದು ವಾರಗಳಾದವು, ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಲೈನರುಗಳನ್ನು ಮೂರು ವರ್ಷಗಳಲ್ಲಿ ಒಮ್ಮೆ ಮಾತ್ರ ಬದಲಿಸಿದ್ದೆ. ಬಿಚ್ಚಿ ಸೀಳಿ ನೋಡಿದಾಗ ಒಳಮೈಯಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ತುಂಬಿ, ಪ್ರತಿ ಬಿರುಕಿನಲ್ಲೂ ಹಳದಿ ಜಿಡ್ಡು ಸೇರಿಕೊಂಡಿತ್ತು. ಪೈಪನ್ನು ಎಷ್ಟು ತಿಕ್ಕಿದರೂ ಮೂರನೆಯ ದಿನ ಲೋಳೆ ಬರುತ್ತಿದ್ದುದು ಎಲ್ಲಿಂದ ಎಂಬುದು ಆಗ ಅರ್ಥವಾಯಿತು. ಲೈನರು, ಹಾಲಿನ ಪೈಪು ಎರಡನ್ನೂ ಹೊಸದು ಹಾಕಿ, ಉಗುರುಬೆಚ್ಚಗಿನ ನೀರು, ಕ್ಷಾರ, ಆಮ್ಲದ ಕ್ರಮವನ್ನು ಬಿಡದೆ ಪಾಲಿಸುತ್ತಿದ್ದೇವೆ. ತೊಳೆದ ಪೈಪುಗಳನ್ನು ಸುರುಳಿ ಸುತ್ತಿಡುವುದನ್ನು ಬಿಟ್ಟು, ನೀರು ಬಸಿದು ಒಣಗುವಂತೆ ಗೋಡೆಗೆ ಉದ್ದಕ್ಕೆ ತೂಗುಹಾಕುತ್ತೇವೆ. ಪರೀಕ್ಷೆಯಲ್ಲಿ ಹಾಲು ಮೊದಲಿನ ಸಮಯಕ್ಕೆ ಮರಳಿದೆ.

ಡ್ರಮ್ಮಿನ ನೀರು ಮೊದಮೊದಲು ಪಿಎಚ್ 10ರ ಮೇಲೇ ನಿಲ್ಲುತ್ತಿತ್ತು. ವಾರದ ಆಮ್ಲದ ತೊಳೆನೀರು ಅದಕ್ಕೆ ಸಾಲುತ್ತಿರಲಿಲ್ಲ. ಈಗ ಎರಡು ಡ್ರಮ್ ಇಟ್ಟು, ಒಂದು ತುಂಬಿದ ಮೇಲೆ ಸ್ವಲ್ಪ ಆಮ್ಲ ಸೇರಿಸಿ 8ಕ್ಕೆ ಇಳಿಸಿ ಬಿಡುತ್ತಿದ್ದೇನೆ. ಗೋಬರ್ ಗ್ಯಾಸಿನ ಉರಿ ಕಡಿಮೆಯಾಗಿಲ್ಲ. ಭಾವನವರು ಊಟದ ಮನೆಯೊಂದರಲ್ಲಿ ಉಳಿದ ಚಿಪ್ಪನ್ನು ಸುಡಿಸಿ 20 ಕಿಲೋ ಸುಣ್ಣ ಕಳುಹಿಸಿದ್ದಾರೆ. ಅರಳಿಸಿದ ದಿನವೇ ಗಂಜಲದ ಕಾಲುವೆಗೂ ಕರುಗಳ ಕೋಣೆಗೂ ಬಳಿದು, ಉಳಿದದ್ದನ್ನು ಮುಚ್ಚಳ ಬಿಗಿದು ಇಟ್ಟಿದ್ದೇನೆ. ಬೋರ್ಡೋ ಕಲಸುವ ದಿನ ಅದನ್ನು ತೆಗೆದು ಕತ್ತಿ ಅದ್ದಿ ನೋಡುತ್ತೇನೆ.